ಪೋರ್ಟ್ ಶಿಕಾಗೊದ ಐವತ್ತು ಮಂದಿ ಮಾಡಿದ್ದು ದಂಗೆಯೇ?

ಓದುಗರ ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಕಾಂಕರ್ಡ್‌ನಲ್ಲಿದ್ದೇವೆ, ಮೂಲತಃ ಕುಶಾಲನಗರದವರು. ಹತ್ತನೇ ತರಗತಿಯ ಮಗಳು ಇತಿಹಾಸದ ಪ್ರಾಜೆಕ್ಟಿಗೆ ನಮ್ಮ ಊರ ಪಕ್ಕದ ಪೋರ್ಟ್ ಶಿಕಾಗೊ ಪ್ರಕರಣವನ್ನು ಆರಿಸಿಕೊಂಡಿದ್ದಾಳೆ. 1944ರಲ್ಲಿ ಮದ್ದುಗುಂಡು ತುಂಬಲು ಒಪ್ಪದ ಕಪ್ಪು ನಾವಿಕರ ಕಥೆ. ಮಾವನವರು ಆರು ತಿಂಗಳಿಗೆಂದು ಬಂದಿದ್ದಾರೆ. ಅವರು ಸೇನೆಯ ಎಂಇಜಿಯಲ್ಲಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸುಬೇದಾರರಾಗಿ ನಿವೃತ್ತರಾದವರು. "ಯುದ್ಧದ ಹೊತ್ತಿನಲ್ಲಿ ಆರ್ಡರ್ ಅಂದ್ರೆ ಆರ್ಡರ್. ಒಲ್ಲೆ ಅಂದವನನ್ನು ಎಂಬತ್ತು ವರ್ಷ ಆದಮೇಲೆ ಹೀರೊ ಮಾಡೋದು ರಾಜಕೀಯ" ಎನ್ನುತ್ತಾರೆ. ಮಗಳು "ಅವರು ಬಂಡಾಯಗಾರರು, ಅದಕ್ಕೇ ನನಗೆ ಇಷ್ಟ" ಎನ್ನುತ್ತಾಳೆ. ದಿನಾ ರಾತ್ರಿ ಊಟಕ್ಕೆ ಇದೇ ಪಲ್ಯ. ಅಲ್ಲಿ ನಡೆದದ್ದು ಗುಟ್ಟಿನ ಅಣುಬಾಂಬ್ ಪರೀಕ್ಷೆ ಎಂಬ ವಿಡಿಯೊವನ್ನು ಬೇರೆ ಯಾರೋ ಕಳಿಸಿದ್ದಾರೆ. ನಿಜವಾಗಿ ಅವರು ಮಾಡಿದ್ದು ದಂಗೆಯೇ? ಈಗ ಅವರಿಗೆ ಸಿಕ್ಕಿರುವುದು ಕ್ಷಮೆಯೇ, ಇನ್ನೇನಾದರೂ ಇದೆಯೇ? ಮಗಳು ಇದನ್ನು ಹೇಗೆ ಹೇಳಿದರೆ ಸರಿ?

ಉತ್ತರ: ನಾನು ಭಾರತದ ನೌಕಾಪಡೆಯ ಕಾನೂನು ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವನು. ಕೋರ್ಟ್ ಮಾರ್ಷಲ್‌ಗಳಲ್ಲಿ, ಅಂದರೆ ಸೇನಾ ನ್ಯಾಯಾಲಯಗಳಲ್ಲಿ, ಎರಡೂ ಕಡೆಯ ಕುರ್ಚಿಯಲ್ಲಿ ಕೂತಿದ್ದೇನೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮಾವನವರ ಮಾತಿನಲ್ಲಿ ಅರ್ಧ ಸರಿಯಿದೆ. ಮಗಳ ಮಾತಿನಲ್ಲಿ ಪ್ರೀತಿಯಿದೆ, ಆದರೆ ಅವಳು ಹಿಡಿದುಕೊಂಡಿರುವ ಪದ ತಪ್ಪು. ಆ ಪದದ ಮೇಲೆಯೇ ಐವತ್ತು ಜನರ ಬದುಕು ನಿಂತಿತ್ತು.

ಬಾಂಬಿನ ವಿಡಿಯೊವನ್ನು ಮೊದಲು ಬದಿಗಿಡೋಣ. 1944ರ ಜುಲೈ 17ರ ರಾತ್ರಿ 10 ಗಂಟೆ 18 ನಿಮಿಷದ ಹೊತ್ತಿಗೆ ಸುಸೂನ್ ಕೊಲ್ಲಿಯ ಪೋರ್ಟ್ ಶಿಕಾಗೊ ಕಟ್ಟೆಯಲ್ಲಿ ಇ. ಎ. ಬ್ರಯಾನ್ ಎಂಬ ಸರಕು ಹಡಗು ಸಿಡಿಯಿತು. ನಾಲ್ಕು ದಿನದಿಂದ ಅದಕ್ಕೆ ತುಂಬಿದ್ದ ಮದ್ದುಗುಂಡು 4,600 ಟನ್ನಿನಷ್ಟಿತ್ತು. ಕಟ್ಟೆಯ ಮೇಲಿದ್ದ ಹದಿನಾರು ರೈಲು ಡಬ್ಬಿಗಳಲ್ಲಿ ಇನ್ನೂ ನಾನೂರು ಟನ್ ಚಿಲ್ಲರೆ ಕಾಯುತ್ತಿತ್ತು. ಇಷ್ಟು ಸಿಡಿದರೆ ಅಣುಬಾಂಬಿನಂತೆಯೇ ಕಾಣುತ್ತದೆ, ಕಾಣಲು ಅಣುಬಾಂಬೇ ಬೇಕಿಲ್ಲ. ಆ ವರ್ಷದ ನಡುವಿನಲ್ಲಿ ಅಮೆರಿಕದ ಬಳಿ ಒಂದು ಬಾಂಬಿಗೆ ಸಾಲುವಷ್ಟು ಶುದ್ಧೀಕರಿಸಿದ ಯುರೇನಿಯಂ ಇರಲಿಲ್ಲ. ಜಾಗದಲ್ಲಿ ವಿಕಿರಣದ ಗುರುತೂ ಇಲ್ಲ. ಅಣುಬಾಂಬ್ ತಯಾರಿಸುತ್ತಿದ್ದ ಲಾಸ್ ಅಲಾಮೋಸ್ ಪ್ರಯೋಗಾಲಯದವರು ಅಲ್ಲಿನ ಹಾನಿಯನ್ನು ಅಧ್ಯಯನ ಮಾಡಿದ್ದು ಮಾತ್ರ ನಿಜ. ದೊಡ್ಡ ಸ್ಫೋಟ ಊರನ್ನು ಏನು ಮಾಡುತ್ತದೆಂದು ತಿಳಿಯುವುದು ಅವರಿಗೆ ಬೇಕಿತ್ತು. ಈ ಎಳೆಯನ್ನೇ ಹಿಡಿದು 1980ರ ದಶಕದಲ್ಲಿ ಕಥೆ ಬೆಳೆಯಿತು. ಈ ಕಥೆಯಿಂದ ಸತ್ತವರಿಗೆ ಒಂದು ಅನ್ಯಾಯವೂ ಆಗುತ್ತದೆ. ಗುಟ್ಟಿನ ಪರೀಕ್ಷೆ ಎಂದುಬಿಟ್ಟರೆ ಅಲ್ಲಿ ದಿನನಿತ್ಯ ಏನು ನಡೆಯುತ್ತಿತ್ತು ಎಂದು ಯಾರೂ ಕೇಳುವುದಿಲ್ಲ.

ದಿನನಿತ್ಯ ನಡೆಯುತ್ತಿದ್ದದ್ದು ಏನೆಂದು ನಿಮ್ಮ ಮಾವನವರಿಗೆ ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ, ಏಕೆಂದರೆ ಅವರು ಸ್ಯಾಪರ್, ಅಂದರೆ ಸ್ಫೋಟಕ ನಿಭಾಯಿಸುವ ಎಂಜಿನಿಯರ್ ದಳದ ಸೈನಿಕ. ಎಂಇಜಿಯಲ್ಲಿ ಹೊಸ ಹುಡುಗನ ಕೈಗೆ ಸ್ಫೋಟಕ ಕೊಡುವ ಮೊದಲು ಎಷ್ಟು ದಿನ ಬರೀ ಮರದ ತುಂಡು ಹೊರಿಸುತ್ತಿದ್ದರು ಎಂದು ಕೇಳಿ ನೋಡಿ. ಪೋರ್ಟ್ ಶಿಕಾಗೊದಲ್ಲಿ ಬಾಂಬು ಹೊರುತ್ತಿದ್ದವರೆಲ್ಲ ಕಪ್ಪು ನಾವಿಕರು, ಮೇಲೆ ನಿಂತ ಅಧಿಕಾರಿಗಳೆಲ್ಲ ಬಿಳಿಯರು. ಹುಡುಗರಲ್ಲಿ ಹೆಚ್ಚಿನವರು ಹದಿಹರೆಯ ಮುಗಿಸಿ ಮುಗಿಸದವರು. ಗ್ರೇಟ್ ಲೇಕ್ಸ್ ತರಬೇತಿ ಕೇಂದ್ರದಲ್ಲಿ ನಾವಿಕರಾಗಲು ಕಲಿತು, ಹಡಗಿನಲ್ಲಿ ಹೋಗಿ ಹೋರಾಡುತ್ತೇವೆಂದು ನಂಬಿ ಬಂದಿದ್ದರು. (ಅಲ್ಲಿ ಕಪ್ಪು ನಾವಿಕರಿಗೆಂದು ಬೇರೆಯಾಗಿಟ್ಟ ಶಿಬಿರದ ಹೆಸರು ರಾಬರ್ಟ್ ಸ್ಮಾಲ್ಸ್ ಶಿಬಿರ. 1862ರಲ್ಲಿ, ಅಮೆರಿಕದ ಅಂತರ್ಯುದ್ಧದ ಹೊತ್ತಿನಲ್ಲಿ, ಗುಲಾಮನಾಗಿದ್ದುಕೊಂಡೇ ದಕ್ಷಿಣ ಪಡೆಯ ಹಡಗೊಂದನ್ನು ಅಪಹರಿಸಿ ಉತ್ತರದವರಿಗೆ ಒಪ್ಪಿಸಿದವನ ಹೆಸರು. ಗೋಡೆಯ ಮೇಲೆ ಇಂಥ ಹೆಸರು, ಒಳಗೆ ಪ್ರತ್ಯೇಕ ಊಟದ ಸಾಲು!) ಅವರಿಗೆ ಸಿಕ್ಕ ಕೆಲಸ ಹಮಾಲಿ. ಮದ್ದುಗುಂಡು ಹೇಗೆ ಹಿಡಿಯಬೇಕೆಂದು ಯಾರೂ ಹೇಳಿಕೊಡಲಿಲ್ಲ. ಬಾಂಬುಗಳನ್ನು ರೈಲು ಡಬ್ಬಿಯಿಂದ ಹಲಗೆಯ ಮೇಲೆ ಉರುಳಿಸುತ್ತಿದ್ದರು, ಕೆಳಗೆ ಒಂದಕ್ಕೊಂದು ತಾಗಿ ಠಣ್ ಎನ್ನುತ್ತಿದ್ದವು. ಹೆದರಿ ಕೇಳಿದವರಿಗೆ, ಡಿಟೋನೇಟರ್ ಇಲ್ಲದೆ ಅವು ಸಿಡಿಯುವುದಿಲ್ಲ ಎಂಬ ಸಮಾಧಾನ. ಆ ರಾತ್ರಿ ಬ್ರಯಾನ್‌ಗೆ ತುಂಬುತ್ತಿದ್ದ ಸರಕಿನಲ್ಲಿ ಫ್ಯೂಸ್ ಸಮೇತ ಬಂದ ಬೆಂಕಿಬಾಂಬುಗಳಿದ್ದವು. ಅದೇ ಹಡಗಿನಲ್ಲಿ, ಪೆಟ್ಟು ತಗುಲಿದರೆ ತಡೆಯದ ಟಾರ್ಪೆಕ್ಸ್ ಎಂಬ ಸ್ಫೋಟಕ ತುಂಬಿದ ಜಲಾಂತರ್ಗಾಮಿ ನಾಶಕ ಬಾಂಬುಗಳೂ ಇದ್ದವು. ಮಾವನವರ ಮುಖ ನೋಡಿ ಈ ವಾಕ್ಯ ಓದಿ.

ಇನ್ನೊಂದು ವಿಷಯ ವೇಗ. ಗಂಟೆಗೆ, ಹಡಗಿನ ಒಂದೊಂದು ಬಾಯಿಗೆ, ಹತ್ತು ಟನ್ ಎಂಬುದು ಗುರಿ. ಯಾವ ತುಕಡಿ ಎಷ್ಟು ತುಂಬಿತು ಎಂದು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದರು. ಕಿರಿಯ ಅಧಿಕಾರಿಗಳು ತಂತಮ್ಮ ತುಕಡಿಯ ಮೇಲೆ ಬಾಜಿ ಕಟ್ಟುತ್ತಿದ್ದರು. ಕಂಬಳದಲ್ಲಿ ಕೋಣದ ಮೇಲೆ ಕಟ್ಟಿದ ಹಾಗೆ. ಮೇಲಿನವರು ಸುತ್ತು ಹಾಕಲು ಬಂದಾಗ ಮಾತ್ರ ನಿಧಾನ ಮಾಡಿ ಎಂಬ ಸೂಚನೆ. ಪಶ್ಚಿಮ ಕರಾವಳಿಯ ಬಂದರು ಕಾರ್ಮಿಕರ ಸಂಘ ಇದನ್ನು ಕಂಡು, ಅನುಭವವಿರುವ ತನ್ನ ಜನರಿಂದ ತರಬೇತಿ ಕೊಡಿಸುತ್ತೇನೆಂದಿತು. ನೌಕಾಪಡೆ ಒಪ್ಪಲಿಲ್ಲ.

ಆ ರಾತ್ರಿ 320 ಜನ ಸತ್ತರು. ಅವರಲ್ಲಿ 202 ಮಂದಿ ಕಪ್ಪು ನಾವಿಕರು. ಎರಡನೇ ಮಹಾಯುದ್ಧದುದ್ದಕ್ಕೂ ಸತ್ತು ಗಾಯಗೊಂಡ ಕಪ್ಪು ನಾವಿಕರಲ್ಲಿ ಸುಮಾರು ಶೇ. 15ರಷ್ಟು ಮಂದಿ ಇದೊಂದೇ ರಾತ್ರಿಯವರು. ಗುರುತು ಹಿಡಿಯುವಷ್ಟು ಉಳಿದ ದೇಹಗಳು 51. ಬ್ರಯಾನ್ ಹಡಗಿನ ಹೇಳಿಕೊಳ್ಳುವಂಥ ತುಂಡೂ ಸಿಗಲಿಲ್ಲ. ಪಕ್ಕದಲ್ಲಿದ್ದ ಕ್ವಿನಾಲ್ಟ್ ವಿಕ್ಟರಿ ಹಡಗಿನ ಹಿಂಭಾಗ ಐನೂರು ಅಡಿ ದೂರದಲ್ಲಿ ತಲೆಕೆಳಗಾಗಿ ಬಿದ್ದಿತ್ತು. ಅದಕ್ಕೆ ಮೂರು ತಿಂಗಳ ಹಿಂದೆ, ಏಪ್ರಿಲ್ 14ರಂದು, ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕಿನ್ ಹಡಗು ಸಿಡಿದಿತ್ತು. ನಮ್ಮಲ್ಲಿ ಆ ದಿನವನ್ನು ಇಂದಿಗೂ ಅಗ್ನಿಶಾಮಕ ದಿನವಾಗಿ ನೆನೆಯುತ್ತಾರೆ. ಅಲ್ಲಿ ಸ್ಫೋಟಕದ ಜೊತೆಗೇ ಹತ್ತಿಯ ಮೂಟೆ ಪೇರಿಸಿದ್ದರು. ಯುದ್ಧದ ಅವಸರ ಎಲ್ಲ ಬಂದರುಗಳಲ್ಲೂ ಇತ್ತು ನಿಜ. ಪೋರ್ಟ್ ಶಿಕಾಗೊದಲ್ಲಿ ಆ ಅವಸರದ ಅಪಾಯ ಯಾರ ಬೆನ್ನಿಗೆ ಬೀಳಬೇಕೆಂಬುದನ್ನು ಮಾತ್ರ ಮೈಬಣ್ಣ ನೋಡಿ ನಿರ್ಧರಿಸಿದ್ದರು.

ನೌಕಾಪಡೆಯ ವಿಚಾರಣಾ ಮಂಡಳಿ ಕೂತಿತು. ಕಾರಣ ಗೊತ್ತಾಗಲಿಲ್ಲ, ಹತ್ತಿರದಿಂದ ನೋಡಿದವರು ಯಾರೂ ಬದುಕಿರಲಿಲ್ಲ. ಅಧಿಕಾರಿಗಳ ಮೇಲೆ ತಪ್ಪು ಬರಲಿಲ್ಲ. ಕಪ್ಪುಜನರಿಗೆ ಸ್ಫೋಟಕ ನಿಭಾಯಿಸುವ ಬುದ್ಧಿಯಾಗಲಿ ಮನೋಧರ್ಮವಾಗಲಿ ಇಲ್ಲ ಎಂಬ ಮಾತು ಮಾತ್ರ ಕಡತಕ್ಕೆ ಸೇರಿತು. ಬುದ್ಧಿ ಇಲ್ಲದವರೆಂದು ಮೊದಲೇ ಗೊತ್ತಿದ್ದರೆ ಅವರ ಕೈಗೇ ಏಕೆ ಕೊಟ್ಟಿರಿ ಎಂದು ಆ ಕೋಣೆಯಲ್ಲಿ ಯಾರೂ ಕೇಳಿದಂತಿಲ್ಲ. ಬದುಕುಳಿದ ಅಧಿಕಾರಿಗಳಿಗೆ ಮೂವತ್ತು ದಿನದ ರಜೆ ಸಿಕ್ಕಿತು. ಗೆಳೆಯರ ಕೈಕಾಲುಗಳನ್ನು ಬುಟ್ಟಿಗೆ ಆಯ್ದು ಹಾಕಿದ ಹುಡುಗರು ಅದೇ ರಜೆ ಕೇಳಿದರು, ಕೊಡಲಿಲ್ಲ. ಸತ್ತವರ ಕುಟುಂಬಕ್ಕೆ 5,000 ಡಾಲರ್ ಪರಿಹಾರ ಎಂಬ ಪ್ರಸ್ತಾವ ಸಂಸತ್ತಿಗೆ ಬಂದಾಗ, ಪಡೆಯುವವರಲ್ಲಿ ಹೆಚ್ಚಿನವರು ಕಪ್ಪುಜನರೆಂದು ತಿಳಿದ ಮಿಸ್ಸಿಸ್ಸಿಪ್ಪಿಯ ಪ್ರತಿನಿಧಿ ಜಾನ್ ರಾಂಕಿನ್ ಅಡ್ಡಿ ಮಾಡಿದ. ಮೊತ್ತ 3,000ಕ್ಕೆ ಇಳಿಯಿತು.

ಈಗ ಆ ಬೆಳಗಿಗೆ ಬರೋಣ. 1944ರ ಆಗಸ್ಟ್ 9, ವಲೇಹೊ ಊರಿನ ಮೇರ್ ಐಲ್ಯಾಂಡ್ ನೌಕಾನೆಲೆ. ಸ್ಫೋಟವಾಗಿ ಇಪ್ಪತ್ತಮೂರು ದಿನ. ಬದುಕುಳಿದ ತುಕಡಿಗಳನ್ನು ಬ್ಯಾರಕ್‌ನಿಂದ ಸಾಲಾಗಿ ನಡೆಸಿಕೊಂಡು ಹೊರಟರು. ಎಲ್ಲಿಗೆ ಎಂದು ಹೇಳಿರಲಿಲ್ಲ. ದಾರಿ ಒಂದು ಕಡೆ ಕವಲೊಡೆಯುತ್ತದೆ. ಎಡಕ್ಕೆ ತಿರುಗಿದರೆ ಮದ್ದುಗುಂಡಿನ ಕಟ್ಟೆಗೆ ಹೋಗುವ ದೋಣಿ. ಎಡಕ್ಕೆ ತಿರುಗು ಎಂಬ ಆದೇಶ ಬಂತು. ಸಾಲು ನಿಂತುಬಿಟ್ಟಿತು. ಯಾರೂ ಓಡಲಿಲ್ಲ, ಕೂಗಲಿಲ್ಲ, ಅಧಿಕಾರಿಯ ಮೇಲೆ ಕೈ ಮಾಡಲಿಲ್ಲ. ಹೆಜ್ಜೆ ನಿಂತಿತು, ಅಷ್ಟೇ. ಕೇಳಿದಾಗ ಹೆಚ್ಚಿನವರು ಹೇಳಿದ್ದು ಒಂದೇ: ಬೇರೆ ಯಾವ ಕೆಲಸ ಹೇಳಿದರೂ ಮಾಡುತ್ತೇವೆ, ಮದ್ದುಗುಂಡು ಮುಟ್ಟುವುದಿಲ್ಲ, ಭಯವಾಗುತ್ತದೆ.

ಒಟ್ಟು 328 ಜನರಲ್ಲಿ 258 ಮಂದಿ ಒಪ್ಪಲಿಲ್ಲ. 75 ಜನರಿಗೆಂದು ಮಾಡಿದ ಒಂದು ದೋಣಿಮನೆಯಲ್ಲಿ ಅವರನ್ನು ಮೂರು ದಿನ ಕೂಡಿಹಾಕಿದರು. ಒಳಗೆ ಸಿಟ್ಟು ಕುದಿಯುತ್ತಿತ್ತು. ಜೋಸೆಫ್ ಸ್ಮಾಲ್ ಎಂಬ, ಸರಕು ಎತ್ತುವ ವಿಂಚ್ ಯಂತ್ರ ನಡೆಸುವ ಹುಡುಗ ಎದ್ದುನಿಂತು, ಗಲಾಟೆ ಬೇಡ, ಕಾವಲಿನವರ ಮಾತು ಕೇಳಿ, ಒಟ್ಟಾಗಿರಿ ಎಂದ. ಮುಂದೆ ಸರ್ಕಾರಿ ವಕೀಲ ಇದನ್ನೇ ತಿರುಗಿಸಿ, ಇವನೇ ಪಿತೂರಿಯ ಮುಂದಾಳು ಎಂದ. ಆಗಸ್ಟ್ 11ರಂದು ಅಡ್ಮಿರಲ್ ಕಾರ್ಲ್ಟನ್ ರೈಟ್ ಬಂದು, ಯುದ್ಧಕಾಲದ ದಂಗೆಗೆ ಮರಣದಂಡನೆ ಇದೆ ಎಂದು ಎಚ್ಚರಿಸಿದರು. 208 ಮಂದಿ ಕೆಲಸಕ್ಕೆ ಮರಳಿದರು. ಉಳಿದ 50 ಜನರ ಮೇಲೆ ದಂಗೆಯ ಆರೋಪ ಬಿತ್ತು. ಆ ಐವತ್ತರಲ್ಲಿ ಒಬ್ಬನ ಮಣಿಕಟ್ಟು ಹಿಂದಿನ ದಿನ ಮುರಿದಿತ್ತು, ಅವನು ತುಂಬಲು ಒಪ್ಪಿದರೂ ತುಂಬಲಾಗುತ್ತಿರಲಿಲ್ಲ. ಅಡುಗೆಮನೆಯ ಕೆಲಸದವರೂ ಇದ್ದರು.

ಇಲ್ಲಿ ನಿಮ್ಮ ಮುಖ್ಯ ಪ್ರಶ್ನೆ: ಇದು ದಂಗೆಯೇ?

ಆದೇಶ ಮೀರಿದ್ದು ತಪ್ಪಲ್ಲವೇ ಎಂದು ಮಾವನವರು ಕೇಳಿದರೆ, ಹೌದು, ಸೇನಾ ಕಾನೂನಿನಲ್ಲಿ ತಪ್ಪು. ಭಯ ಒಂದು ಕಾನೂನಿನ ರಕ್ಷಣೆಯಲ್ಲ. ಕೆಲಸ ಅಪಾಯದ್ದು ಎಂದ ಮಾತ್ರಕ್ಕೆ ಆದೇಶ ಅಕ್ರಮವಾಗುವುದಿಲ್ಲ. ಹಾಗಾಗುವುದಾದರೆ ಯುದ್ಧವೇ ನಡೆಯುವುದಿಲ್ಲ. ನಾನು ಅವರ ವಕೀಲನಾಗಿದ್ದರೂ ಇದನ್ನು ಅಲ್ಲಗಳೆಯುತ್ತಿರಲಿಲ್ಲ. ಆದರೆ ಆಜ್ಞಾಭಂಗ ಬೇರೆ, ದಂಗೆ ಬೇರೆ. ಆಜ್ಞಾಭಂಗವೆಂದರೆ 'ಈ ಕೆಲಸ ಮಾಡಲಾರೆ' ಎಂಬುದು. ದಂಗೆಯೆಂದರೆ 'ಇನ್ನು ನಿನ್ನ ಮಾತು ಇಲ್ಲಿ ನಡೆಯುವುದಿಲ್ಲ' ಎಂಬುದು. ಮೇಲಧಿಕಾರವನ್ನೇ ಕಿತ್ತುಕೊಳ್ಳುವ, ಉರುಳಿಸುವ ಉದ್ದೇಶ ಅದಕ್ಕೆ ಬೇಕು. ಮೊದಲನೆಯದಕ್ಕೆ ಸಾಮಾನ್ಯವಾಗಿ ಹಗುರ ಶಿಕ್ಷೆ, ಎರಡನೆಯದು ಮರಣದಂಡನೆಯವರೆಗೂ ಹೋಗಬಹುದು. ಆರೋಪಿಗಳ ವಕೀಲ ಜೆರಾಲ್ಡ್ ವೆಲ್ಟ್‌ಮನ್ ವಾದಿಸಿದ್ದು ಇದನ್ನೇ. ಜೊತೆಗೆ, ಎಷ್ಟೋ ಜನರಿಗೆ ನೇರ ಆದೇಶವನ್ನೇ ಕೊಟ್ಟಿರಲಿಲ್ಲ, ತುಂಬಲು ಸಿದ್ಧನಿದ್ದೀಯಾ ಎಂದು ಕೇಳಿದ್ದರು ಅಷ್ಟೇ ಎಂಬುದೂ ಸಾಕ್ಷ್ಯದಲ್ಲಿ ಹೊರಬಂತು. ಸರ್ಕಾರಿ ವಕೀಲ ಜೇಮ್ಸ್ ಕೋಕ್ಲಿ, ಹಲವರು ಸೇರಿ ಪಟ್ಟು ಹಿಡಿದು ಒಲ್ಲೆ ಎಂದರೆ ಅದೇ ದಂಗೆ ಎಂದ.

ಒಂದು ವಿಷಯ ಪ್ರಾಮಾಣಿಕವಾಗಿ ಹೇಳಬೇಕು. ನಮ್ಮ 1957ರ ನೌಕಾ ಕಾಯಿದೆಯಲ್ಲಿ ದಂಗೆಯ ವ್ಯಾಖ್ಯೆ ಇನ್ನೂ ಅಗಲವಾಗಿದೆ. ಇಬ್ಬರು ಸೇರಿ, ಶಿಸ್ತು ಕುಸಿಯುವಂಥ ಸಂದರ್ಭದಲ್ಲಿ ಆದೇಶ ಮೀರಿದರೂ ಅದರೊಳಗೆ ಎಳೆಯಬಹುದು. ನನ್ನ ಸೇವೆಯ ಆರಂಭದಲ್ಲಿ ಒಂದು ಹಡಗಿನಲ್ಲಿ ಹನ್ನೊಂದು ನಾವಿಕರು ಊಟದ ತಟ್ಟೆ ಮುಟ್ಟದೆ ಎದ್ದುಹೋದರು. ಸಾರಿನಲ್ಲಿ ಹುಳು. ಕಮಾಂಡಿಂಗ್ ಅಧಿಕಾರಿಗೆ ದಂಗೆಯ ಕಲಮೇ ಬೇಕಿತ್ತು, ನಾನು ಅದಕ್ಕೆ ಕರಡು ಬರೆಯಲು ಕೂತೂ ಇದ್ದೆ. ಬರೆಯುತ್ತಾ ಒಂದು ಸಂಗತಿ ಕಂಡಿತು: 'ಹನ್ನೊಂದು ಜನ' ಎಂಬ ಎಣಿಕೆ ಬಿಟ್ಟರೆ ನನ್ನ ಬಳಿ ಬೇರೆ ಸಾಕ್ಷ್ಯವೇ ಇರಲಿಲ್ಲ. ಒಬ್ಬ ಎದ್ದುಹೋಗಿದ್ದರೆ ಬೈದು ಕಳಿಸುತ್ತಿದ್ದೆವು. ಕರಡು ಹರಿದು, ಅಡುಗೆಯ ಉಸ್ತುವಾರಿ ಯಾರದೆಂದು ಕೇಳಿ ಬರೆದೆ. ಆ ಅಧಿಕಾರಿ ನನ್ನ ಜೊತೆ ಎರಡು ವರ್ಷ ಸರಿಯಾಗಿ ಮಾತಾಡಲಿಲ್ಲ. ಪೋರ್ಟ್ ಶಿಕಾಗೊ ಕಡತ ಓದಿದಾಗಲೆಲ್ಲ ನನಗೆ ಆ ಕರಡು ನೆನಪಾಗುತ್ತದೆ. ಕೋಕ್ಲಿಯ ಕೈಯಲ್ಲಿದ್ದ ದೊಡ್ಡ ಸಾಕ್ಷ್ಯವೂ ಎಣಿಕೆಯೇ: ಐವತ್ತು.

ವಿಚಾರಣೆ ಸೆಪ್ಟೆಂಬರ್ 14ಕ್ಕೆ ಯೆರ್ಬಾ ಬುವೆನಾ ದ್ವೀಪದಲ್ಲಿ ಶುರುವಾಯಿತು. ಸ್ಯಾನ್ ಫ್ರಾನ್ಸಿಸ್ಕೊದ ಬೇ ಸೇತುವೆ ನಡುವೆ ಸುರಂಗ ಹೊಕ್ಕುತ್ತದಲ್ಲ, ಅದೇ ದ್ವೀಪ. ನೀವು ಎಷ್ಟೋ ಸಲ ದಾಟಿರುತ್ತೀರಿ. ಐವತ್ತು ಜನರನ್ನೂ ಒಟ್ಟಿಗೆ ಕೂರಿಸಿ ಒಂದೇ ವಿಚಾರಣೆ. ಅಕ್ಟೋಬರ್‌ನಲ್ಲಿ ಕಪ್ಪುಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆಯ ವಕೀಲ ಥರ್ಗುಡ್ ಮಾರ್ಷಲ್ ಬಂದು ಕೂತರು. ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾದವರು ಅವರೇ. ಇಲ್ಲಿ ಕಟಕಟೆಯಲ್ಲಿರುವುದು ಐವತ್ತು ಮಂದಿಯಲ್ಲ, ಕಪ್ಪುಜನರ ಬಗೆಗಿನ ನೌಕಾಪಡೆಯ ಇಡೀ ನೀತಿ ಎಂದು ಪತ್ರಿಕೆಗಳಿಗೆ ಹೇಳಿದರು. ಅಕ್ಟೋಬರ್ 24ರಂದು ನ್ಯಾಯಮಂಡಳಿ ತೀರ್ಮಾನಕ್ಕೆಂದು ಎದ್ದುಹೋಗಿ 80 ನಿಮಿಷಕ್ಕೆ ವಾಪಸಾಯಿತು. ತಲೆಗೆ ಎರಡು ನಿಮಿಷವೂ ಬರುವುದಿಲ್ಲ. ಐವತ್ತು ಜನರೂ ತಪ್ಪಿತಸ್ಥರು, ಎಲ್ಲರಿಗೂ ಹದಿನೈದು ವರ್ಷ. ಆಮೇಲೆ ಅಡ್ಮಿರಲ್ ರೈಟ್ ನಲವತ್ತು ಜನರ ಶಿಕ್ಷೆಯನ್ನು ಎಂಟರಿಂದ ಹನ್ನೆರಡು ವರ್ಷಕ್ಕೆ ಇಳಿಸಿದರು. ಕೆಲಸಕ್ಕೆ ಮರಳಿದ 208 ಮಂದಿಯನ್ನೂ ಬಿಡಲಿಲ್ಲ. ಅವರಿಗೆ ಮೂರು ತಿಂಗಳ ಸಂಬಳ ಕಡಿತ, ಕೆಟ್ಟ ನಡತೆಯ ಕಾರಣ ಕೊಟ್ಟು ಸೇವೆಯಿಂದ ತೆಗೆಯುವ ಶಿಕ್ಷೆ. ಮಗಳ ಪ್ರಾಜೆಕ್ಟಿನಲ್ಲಿ ಈ 208 ಮಂದಿ ಹೇಡಿಗಳಾಗದಂತೆ ನೋಡಿಕೊಳ್ಳಲಿ. ಅವರೂ ಆ ಕವಲಿನಲ್ಲಿ ನಿಂತವರೇ.

ಯುದ್ಧ ಮುಗಿದು, ಮಾರ್ಷಲ್‌ರ ಮೇಲ್ಮನವಿ, ಪತ್ರಿಕೆಗಳ ಒತ್ತಡ ಎಲ್ಲ ಸೇರಿ 1946ರ ಜನವರಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಜೈಲಿನಿಂದ ಹೊರಬಂದರು. ತೀರ್ಪು ಮಾತ್ರ ಹಾಗೇ ಉಳಿಯಿತು. ಆ ಫೆಬ್ರವರಿ 27ಕ್ಕೆ ನೌಕಾಪಡೆ ಕಪ್ಪು ನಾವಿಕರ ನೇಮಕದ ಮೇಲಿದ್ದ ನಿರ್ಬಂಧಗಳನ್ನೆಲ್ಲ ತೆಗೆಯಿತು. 1948ರ ಜುಲೈ 26ಕ್ಕೆ ಅಧ್ಯಕ್ಷ ಟ್ರೂಮನ್ ಇಡೀ ಸೇನೆಯಲ್ಲಿ ಸಮಾನ ಅವಕಾಶದ ಆದೇಶ ಹೊರಡಿಸಿದರು. ಮೇರ್ ಐಲ್ಯಾಂಡಿನ ಕವಲಿನಿಂದ ಟ್ರೂಮನ್‌ರ ಮೇಜಿನವರೆಗೆ ಒಂದೇ ನೇರ ಗೆರೆ ಎಳೆಯಬೇಡಿ ಎಂದು ಮಗಳಿಗೆ ಹೇಳಿ. 1945ರ ಮಾರ್ಚ್‌ನಲ್ಲಿ ಪೋರ್ಟ್ ವೈನೀಮಿಯಲ್ಲಿ ಬಡ್ತಿ ಸಿಗದ ಸಾವಿರದಷ್ಟು ನಿರ್ಮಾಣ ದಳದ ಕಪ್ಪು ನಾವಿಕರು ಊಟ ಬಿಟ್ಟು ಕೆಲಸ ಮಾಡಿದ್ದರು. ಕಾರ್ಮಿಕ ನಾಯಕ ಫಿಲಿಪ್ ರಾಂಡಾಲ್ಫ್ 1948ರಲ್ಲಿ ಸೇನೆಗೆ ಸೇರಬೇಡಿ ಎಂದು ಕರೆ ಕೊಡುವ ಮಟ್ಟಕ್ಕೆ ಹೋಗಿದ್ದರು. ಹಗ್ಗ ಹಲವು ಎಳೆಗಳದ್ದು, ಇದು ಒಂದು ಗಟ್ಟಿ ಎಳೆ.

ಈಗ ಮಗಳ ಪದಕ್ಕೆ ಬರುತ್ತೇನೆ. ಕನ್ನಡದಲ್ಲಿ ಬಂಡಾಯ ಮೆಚ್ಚುಗೆಯ ಮಾತು. ನರಗುಂದ ಬಂಡಾಯ, ಹಲಗಲಿಯ ಬೇಡರು, ಬಂಡಾಯ ಸಾಹಿತ್ಯ ಎಂದು ಕೇಳಿ ಬೆಳೆದ ನಮಗೆ ಅದು ಎದೆಯುಬ್ಬಿಸುವ ಪದ. 1946ರ ಫೆಬ್ರವರಿ 18ಕ್ಕೆ ಮುಂಬಯಿಯ ತಲ್ವಾರ್ ತರಬೇತಿ ನೆಲೆಯಲ್ಲಿ ನಮ್ಮ ನಾವಿಕರು ಕೆಟ್ಟ ಊಟ ಮತ್ತು ಬಿಳಿಯ ಅಧಿಕಾರಿಯ ಬೈಗುಳದ ವಿರುದ್ಧ ಎದ್ದಾಗ ಹಡಗಿನಿಂದ ಬ್ರಿಟಿಷ್ ಧ್ವಜ ಇಳಿಸಿದರು. ಆಳುವವನ ಅಧಿಕಾರವನ್ನೇ ಒಪ್ಪುವುದಿಲ್ಲ ಎಂದರು. ಅವರನ್ನು ಬಂಡಾಯಗಾರರು ಎಂದರೆ ಹೆಮ್ಮೆ. (ಅವರೂ ತಮ್ಮ ಸಮಿತಿಯನ್ನು 'ಮುಷ್ಕರ ಸಮಿತಿ' ಎಂದೇ ಕರೆದುಕೊಂಡಿದ್ದರು ಎಂಬುದು ಬೇರೆ ಮಾತು.) ಪೋರ್ಟ್ ಶಿಕಾಗೊದವರು ಅಂಥದ್ದೇನೂ ಹೇಳಲಿಲ್ಲ. ಅದು ತಮ್ಮದೇ ನೌಕಾಪಡೆ, ತಮ್ಮದೇ ಯುದ್ಧ ಎಂದು ನಂಬಿದ್ದರು. ಅವರು ಬೇಡ ಎಂದದ್ದು ಒಂದು ಕೆಲಸವನ್ನು, ಅದು ತಮಗೆ ಮಾತ್ರ ಮೀಸಲಾದ ರೀತಿಯನ್ನು. ಐವತ್ತು ವರ್ಷ ಅವರು ಹೇಳಿಕೊಂಡು ಬಂದದ್ದು 'ನಾವು ದಂಗೆ ಎದ್ದಿಲ್ಲ' ಎಂದೇ. ನಾವು ಪ್ರೀತಿಯಿಂದಲೇ ಬಂಡಾಯಗಾರರು ಎಂದುಬಿಟ್ಟರೆ ಕೋಕ್ಲಿಯ ಆರೋಪಕ್ಕೆ ಹೂವು ಮುಡಿಸಿದ ಹಾಗಾಗುತ್ತದೆ. ಅಜ್ಜ ಬಯ್ಯಲು ಬಳಸುವ ಪದವನ್ನೇ ಮೊಮ್ಮಗಳು ಹೊಗಳಲು ಬಳಸುತ್ತಿದ್ದಾಳೆ. ಪ್ರತಿರೋಧ ಎನ್ನಲಿ, ನಿರಾಕರಣೆ ಎನ್ನಲಿ, ಒಲ್ಲೆ ಎಂದವರು ಎನ್ನಲಿ.

ಕ್ಷಮೆಯ ಪ್ರಶ್ನೆಯೂ ಇದರೊಳಗೇ ಇದೆ. ಕ್ಷಮಾದಾನ ಎಂದರೆ 'ತಪ್ಪು ಮಾಡಿದ್ದೀಯ, ಬಿಟ್ಟಿದ್ದೇವೆ' ಎಂದು. ದೋಷಮುಕ್ತಿ ಎಂದರೆ 'ತೀರ್ಪೇ ತಪ್ಪು' ಎಂದು. 1994ರಲ್ಲಿ ನೌಕಾಪಡೆ ಕಡತ ಮತ್ತೆ ತೆರೆದು, ಆ ಕೆಲಸಕ್ಕೆ ಕಪ್ಪುಜನರನ್ನು ಹಾಕಿದ್ದು ಜನಾಂಗಭೇದವೇ, ಆದರೆ ವಿಚಾರಣೆಯಲ್ಲಿ ಭೇದವಿರಲಿಲ್ಲ ಎಂದು ವಿಚಿತ್ರ ತೀರ್ಮಾನಕ್ಕೆ ಬಂತು. ಜೋಸೆಫ್ ಸ್ಮಾಲ್ ಕ್ಷಮೆ ಕೇಳಲು ಒಪ್ಪಲೇ ಇಲ್ಲ. ಕ್ಷಮೆ ಎಂದರೆ ತಪ್ಪೊಪ್ಪಿಗೆ, ನಮಗೆ ತೀರ್ಪು ರದ್ದಾಗಬೇಕು ಎಂದರು. 1996ರಲ್ಲಿ ತೀರಿಕೊಂಡರು. ಆ ಐವತ್ತರಲ್ಲೇ ಒಬ್ಬರಾದ ಫ್ರೆಡ್ಡಿ ಮೀಕ್ಸ್ ಎಂಬುವರು ಕೇಳಿದರು. 1999ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಕ್ಲಿಂಟನ್ ಕ್ಷಮಾದಾನ ಕೊಟ್ಟರು. ಮೀಕ್ಸ್ ಸೋತರು, ಸ್ಮಾಲ್ ಗೆದ್ದರು ಎಂದೆಲ್ಲ ನಾನು ಹೇಳಲಾರೆ. ಕಕ್ಷಿದಾರ ಎಂಬತ್ತರ ಮುದುಕನಾಗಿದ್ದಾಗ 'ತತ್ವಕ್ಕಾಗಿ ಕಾಯಿರಿ' ಎಂದು ಸಲಹೆ ಕೊಡುವುದು ವಕೀಲನಿಗೆ ಸುಲಭ, ಕಾಯಬೇಕಾದವನು ಅವನಲ್ಲವಲ್ಲ.

ಕೊನೆಗೆ 2024ರ ಜುಲೈ 17ರಂದು, ಸ್ಫೋಟದ ಎಂಬತ್ತನೇ ವರ್ಷಕ್ಕೆ, ನೌಕಾ ಕಾರ್ಯದರ್ಶಿ ಕಾರ್ಲೋಸ್ ಡೆಲ್ ಟೊರೊ 256 ಮಂದಿಯನ್ನು ದೋಷಮುಕ್ತಗೊಳಿಸಿದರು. ಉಳಿದ ಇಬ್ಬರ ತೀರ್ಪು ಮೊದಲೇ ರದ್ದಾಗಿತ್ತು. ಮಾವನವರು ಇದನ್ನು ರಾಜಕೀಯ ಎನ್ನುತ್ತಾರೆ. ಕೊಟ್ಟ ಕಾರಣಗಳು ಒಣ ಕಾನೂನಿನವು ಎಂದು ಅವರಿಗೆ ತೋರಿಸಿ. ಹಿತಾಸಕ್ತಿ ಒಂದಕ್ಕೊಂದು ಅಡ್ಡಬರುವ ಆರೋಪಿಗಳನ್ನು ಒಟ್ಟಿಗೆ ವಿಚಾರಿಸಿದ್ದು ತಪ್ಪು. ಅವರಿಗೆ ಸರಿಯಾದ ವಕೀಲರ ನೆರವು ಸಿಗಲಿಲ್ಲ. ಸ್ಫೋಟದ ವಿಚಾರಣಾ ಮಂಡಳಿಯ ವರದಿ ಅಂತಿಮವಾಗುವ ಮೊದಲೇ ವಿಚಾರಣೆ ಮುಗಿಸಿದ್ದರು. ಆ ವರದಿಯಲ್ಲಿ ಮದ್ದುಗುಂಡು ತುಂಬುವ ಪದ್ಧತಿ ಸುಧಾರಿಸಲು 19 ಸಲಹೆಗಳಿದ್ದವು, ಆರೋಪಿಗಳ ಭಯಕ್ಕೆ ಆಧಾರವಿತ್ತೆಂದು ತೋರಿಸಲು ಅಷ್ಟು ಸಾಕಿತ್ತು. ಯಾವ ಸುಬೇದಾರರಿಗೂ ಅರ್ಥವಾಗುವ ಮಾತಿದು. ಶಿಸ್ತು ಸೈನಿಕನಿಗೆ ಎಷ್ಟೋ, ನ್ಯಾಯಮಂಡಳಿಗೂ ಅಷ್ಟೇ. ಆ ಹೊತ್ತಿಗೆ ಐವತ್ತು ಮಂದಿಯಲ್ಲಿ ಒಬ್ಬರೂ ಬದುಕಿರಲಿಲ್ಲ.

ಮಗಳು ಇದನ್ನು ಹೇಗೆ ಹೇಳಬಹುದು? ಬರೀ ಸ್ಫೋಟದ ಕಥೆಯಾಗಿ ಹೇಳಬಹುದು. ಅಂಕಿಗಳಿವೆ, ಚಿತ್ರಗಳಿವೆ, ಯಾರಿಗೂ ತಕರಾರಿಲ್ಲ. ಆದರೆ ಹಾಗೆ ಹೇಳಿದರೆ ಸತ್ತವರು ಅಪಘಾತಕ್ಕೆ ಸಿಕ್ಕವರಾಗುತ್ತಾರೆ, ಬದುಕಿದವರು ಕಾಣೆಯಾಗುತ್ತಾರೆ. ವೀರರ ಕಥೆಯಾಗಿ ಹೇಳಿದರೆ ಮೇಲೆ ಹೇಳಿದ ಪದದ ತೊಡಕು. ಹೆದರಿಕೆಯೂ ಮಾಯವಾಗುತ್ತದೆ, ಆ ಹುಡುಗರು ಹೆದರಿದ್ದೆವು ಎಂದು ನಾಚದೆ ಹೇಳಿದ್ದರು. ಕಾನೂನಿನ ಕಥೆಯಾಗಿ ಹೇಳಿದರೆ ತರಗತಿ ನಿದ್ದೆ ಮಾಡೀತು, ಇದು ನನ್ನ ಮನೆಯಲ್ಲೇ ಕಂಡ ಅನುಭವ. ನನಗೆ ಕೇಳಿದರೆ ಅವಳು ಆ ಕವಲಿನಿಂದ ಶುರುಮಾಡಲಿ: ಒಂದು ಆದೇಶ, ನಿಂತುಹೋದ ಸಾಲು. ಆಮೇಲೆ ತರಗತಿಗೇ ಎರಡು ಆರೋಪಪಟ್ಟಿ ಕೊಟ್ಟು, ಒಂದು ಆಜ್ಞಾಭಂಗ, ಒಂದು ದಂಗೆ, ಯಾವುದಕ್ಕೆ ಸಹಿ ಹಾಕುತ್ತೀರಿ ಎಂದು ಕೇಳಲಿ. ತಾಲೀಮಿಗೆ ಮನೆಯಲ್ಲೇ ಕೋಕ್ಲಿ ಸಿದ್ಧವಾಗಿದ್ದಾರೆ. ಮಾವನವರಿಗೆ ಆ ಪಾತ್ರ ಕೊಡಿ, ಬಿಟ್ಟುಕೊಡಬೇಡಿ ಎನ್ನಿ. ಆಮೇಲೆ ಮಗಳು ಅವರನ್ನು ಸಾಕ್ಷಿಯಾಗಿ ಕರೆದು ಒಂದೇ ಪಾಟೀಸವಾಲು ಹಾಕಲಿ: ಫ್ಯೂಸ್ ಹಾಕಿದ ಬಾಂಬನ್ನು ತರಬೇತಿಯಿಲ್ಲದ ಹುಡುಗನ ಕೈಗೆ ಕೊಟ್ಟು, ಬೇಗ ಬೇಗ ಎಂದು ಬಾಜಿ ಕಟ್ಟಿದ ಅಧಿಕಾರಿಗೆ ನಿಮ್ಮ ರೆಜಿಮೆಂಟಿನಲ್ಲಿ ಏನು ಮಾಡುತ್ತಿದ್ದರು?

ಸಾಧ್ಯವಾದರೆ ಹೋಗಿ ನೋಡಿ ಬನ್ನಿ. ಪೋರ್ಟ್ ಶಿಕಾಗೊ ಎಂಬ ಊರು ಈಗಿಲ್ಲ, ನೌಕಾಪಡೆ 1968ರಲ್ಲಿ ಕೊಂಡು ಕೆಡವಿತು. ಸ್ಮಾರಕ ಇರುವುದು ಇವತ್ತಿಗೂ ಮದ್ದುಗುಂಡು ಸಾಗಿಸುವ ಸೇನಾ ನೆಲೆಯ ಒಳಗೆ. ಸುಮ್ಮನೆ ಕಾರು ಹತ್ತಿಸಿಕೊಂಡು ಹೋದರೆ ಗೇಟಿನಲ್ಲೇ ನಿಲ್ಲಿಸುತ್ತಾರೆ. ರಾಷ್ಟ್ರೀಯ ಉದ್ಯಾನ ಇಲಾಖೆಯಲ್ಲಿ ವಾರಗಳ ಮೊದಲೇ ಹೆಸರು ಕೊಟ್ಟರೆ ಮಾರ್ಟಿನೆಜ್‌ನ ಜಾನ್ ಮ್ಯೂರ್ ತಾಣದಿಂದ ಅವರೇ ವ್ಯಾನಿನಲ್ಲಿ ಕರೆದೊಯ್ಯುತ್ತಾರೆ. ಮಾವನವರು ಭಾರತದ ಪ್ರಜೆಯಾದ್ದರಿಂದ ಅವರಿಗೆ ಒಳಬಿಡುತ್ತಾರೆಯೇ ಎಂದು ಮೊದಲೇ ವಿಚಾರಿಸಿ, ಗೇಟಿನ ತನಕ ಹೋಗಿ ಅವರೊಬ್ಬರನ್ನು ಹೊರಗೆ ಕೂರಿಸುವ ಹಾಗಾಗಬಾರದು. ಅವಕಾಶ ಸಿಗದಿದ್ದರೆ ಸ್ಯಾನ್ ಬ್ರೂನೊದ ಗೋಲ್ಡನ್ ಗೇಟ್ ರಾಷ್ಟ್ರೀಯ ರುದ್ರಭೂಮಿಗೆ ಕರೆದುಕೊಂಡು ಹೋಗಿ, ಆ ರಾತ್ರಿ ಸತ್ತವರಲ್ಲಿ ಗುರುತು ಸಿಗದ ಕೆಲವರ ಸಮಾಧಿಗಳು ಅಲ್ಲಿವೆ. ಸ್ಮಾರಕದೊಳಗೆ ಹೋದರೆ ನೀರಿನಲ್ಲಿ ಹಳೇ ಕಟ್ಟೆಯ ಕಂಬಗಳ ಮೋಟು ಇನ್ನೂ ಕಾಣುತ್ತವೆ. ದಡದ ಕಲ್ಲುಗಳ ಮೇಲೆ 320 ಹೆಸರುಗಳಿವೆ. ಅವು ಆ ರಾತ್ರಿ ಸತ್ತವರ ಹೆಸರುಗಳು. ಸ್ಮಾಲ್ ಮತ್ತು ಮೀಕ್ಸ್ ಹೆಸರನ್ನು ಮಗಳು ಅಲ್ಲಿ ಹುಡುಕಿದರೆ ಸಿಗುವುದಿಲ್ಲ, ಮೊದಲೇ ಹೇಳಿ ಕರೆದೊಯ್ಯಿರಿ.